ಮಣಿ, ಮಾಲೆ, ಚುಕ್ಕಿ: ಕೈಗೆಲಸದಿಂದ ಕೂಡುವ ಲೆಕ್ಕದ ಕಡೆಗೆ

ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಐದರಿಂದ ಎಂಟು ವರ್ಷದ ಮಗುವೊಂದು ಇದೆ, ಅದಕ್ಕೆ ಕೂಡುವ ಲೆಕ್ಕ ಹೇಳಿಕೊಡಬೇಕು, ಎಲ್ಲಿಂದ ಆರಂಭಿಸುವುದೆಂದು ತಿಳಿಯುತ್ತಿಲ್ಲ ಎಂದುಕೊಳ್ಳೋಣ. ನಿಮಗೆ ಗಣಿತದಲ್ಲಿ ವಿಶೇಷ ಪರಿಣತಿ ಬೇಕಿಲ್ಲ. ಚಿತ್ರಕಲೆ ಬಾರದಿದ್ದರೂ ಚಿಂತೆಯಿಲ್ಲ. ಹಳೆಯ ಪತ್ರಿಕೆ, ಕತ್ತರಿ, ಮೈದಾ ಹಿಟ್ಟಿನ ಅಂಟು, ಗಟ್ಟಿ ದಾರ, ಒಂದು ಬಟ್ಟಲು ರಂಗೋಲಿ ಪುಡಿ, ಇವಿಷ್ಟನ್ನು ಹೊಂದಿಸಿಕೊಳ್ಳಿ. ಇವುಗಳ ಜೊತೆಗೆ ಆತುರವಿಲ್ಲದ ಅರ್ಧ ಗಂಟೆ ಬೇಕು. ನಿಜ ಹೇಳಬೇಕೆಂದರೆ, ಹೊಂದಿಸಲು ಕಷ್ಟವಾಗುವುದು ಅದೊಂದೇ.

ಮೊದಲಿಗೆ ಎರಡು ಪದಗಳ ಅರ್ಥ ತಿಳಿದುಕೊಳ್ಳೋಣ. ಎರಡು ಅಥವಾ ಹೆಚ್ಚು ಗುಂಪುಗಳನ್ನು ಒಂದಾಗಿಸಿ ಒಟ್ಟು ಎಷ್ಟೆಂದು ಕಂಡುಕೊಳ್ಳುವುದು ಸಂಕಲನ. ಬಂದ ಒಟ್ಟು ಸಂಖ್ಯೆಯೇ ಮೊತ್ತ. ಒಂದು ನಿಯಮಕ್ಕೆ ಬದ್ಧವಾಗಿ ಮುಂದುವರಿಯುವ ಜೋಡಣೆ ವಿನ್ಯಾಸ. ನಿಯಮ ಗೊತ್ತಾದರೆ ಮುಂದೇನು ಬರುತ್ತದೆಂದು ನೋಡದೆಯೇ ಹೇಳಬಹುದು. ಶಾಲೆಯ ಪುಸ್ತಕಗಳಲ್ಲಿ ಇವೆರಡೂ ಬೇರೆ ಬೇರೆ ಪಾಠಗಳಾಗಿ ಬರುತ್ತವೆ. ಮಗುವಿನ ಕೈಯಲ್ಲಿ ಮಾತ್ರ ಇವೆರಡೂ ಕೂಡಿಯೇ ಬೆಳೆಯುತ್ತವೆ. ಅದು ಹೇಗೆಂದು ತೋರಿಸುವುದೇ ನನ್ನ ಆಸೆ.

ಕೈಗೆಲಸದಿಂದ ಗಣಿತ ಕಲಿಸುವುದು ಹೊಸ ಯೋಚನೆಯೇನಲ್ಲ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಫ್ರೆಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಕರು ಚಿಕ್ಕ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಇಂದು ನಾವು ಕಿಂಡರ್‌ಗಾರ್ಟನ್ ಎನ್ನುವುದು ಬೆಳೆದದ್ದು ಅಲ್ಲಿಂದ. ಮರದ ಚೆಂಡು ಮತ್ತು ಘನಾಕೃತಿಗಳು, ಕಾಗದ ಮಡಿಸುವುದು, ಕಾಗದದ ಪಟ್ಟಿ ಹೆಣೆಯುವುದು, ಕಡ್ಡಿ ಜೋಡಿಸುವುದು ಅವರ ಪಾಠಕ್ರಮದ ಭಾಗಗಳಾಗಿದ್ದವು. ಅದರಲ್ಲಿನ ಕಾಗದ ಮಡಿಸುವ ಚಟುವಟಿಕೆಯನ್ನು ಕಂಡು ಪ್ರೇರಿತರಾದ ಟಿ. ಸುಂದರ ರಾವ್ ಅವರು ಕಾಗದವನ್ನು ಮಡಿಸುತ್ತಲೇ ರೇಖಾಗಣಿತ ಕಲಿಯುವ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. 1893ರಲ್ಲಿ ಮದ್ರಾಸಿನಲ್ಲಿ ಅಚ್ಚಾದ ಆ ಪುಸ್ತಕವನ್ನು ಹೊರದೇಶದ ಗಣಿತಜ್ಞರೂ ಮೆಚ್ಚಿಕೊಂಡರು. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆಗೂ ಕೈಕಸುಬೇ ಕೇಂದ್ರ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತಾಗಲೂ ಶಿಕ್ಷಕರು ಕಲಿಕಾ ಸಾಮಗ್ರಿಯನ್ನು ಮಕ್ಕಳ ಕೈಗೇ ಕೊಟ್ಟರು.

ಇದೇಕೆ ಫಲ ಕೊಡುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಸರಳವಾಗಿ ವಿವರಿಸಿದರು. ತಿಳಿವಳಿಕೆಗೆ ಮೂರು ರೂಪಗಳಿವೆ: ಕೈಯಿಂದ ಮಾಡಿ ತಿಳಿಯುವುದು, ಚಿತ್ರವಾಗಿ ಕಂಡು ತಿಳಿಯುವುದು, ಗುರುತುಗಳ ಮೂಲಕ ತಿಳಿಯುವುದು. ನಾಲ್ಕು ಮಣಿ ಪೋಣಿಸುವುದು ಮೊದಲನೆಯದು. ಸ್ಲೇಟಿನ ಮೇಲೆ ನಾಲ್ಕು ಸೊನ್ನೆ ಸುತ್ತುವುದು ಎರಡನೆಯದು. 4 ಎಂದು ಬರೆಯುವುದು ಮೂರನೆಯದು. ನಾವು ದೊಡ್ಡವರು ಮಗುವನ್ನು ನೇರವಾಗಿ ಮೂರನೆಯದಕ್ಕೆ ಕರೆದೊಯ್ಯಲು ಅವಸರ ಮಾಡುತ್ತೇವೆ. ಗುರುತು ಕೊನೆಗೆ ಬರಲಿ ಎಂಬುದೇ ಈ ಲೇಖನದುದ್ದಕ್ಕೂ ನಿಮ್ಮಲ್ಲಿ ನನ್ನ ಬಿನ್ನಹ.

ಈಗ ಕೆಲಸಕ್ಕೆ ಕೈ ಹಾಕೋಣ. ಮಣಿಗಳನ್ನು ಅಂಗಡಿಯಿಂದ ತರಬಹುದು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿಗಳು ಸಿಕ್ಕರೆ ಅವು ಕೈಗೆ ಹಿತವಾಗಿರುತ್ತವೆ. ಆದರೂ ಮಗುವೇ ಮಣಿ ಮಾಡಲಿ ಎನ್ನುತ್ತೇನೆ. ಪತ್ರಿಕೆಯ ಹಾಳೆಯಿಂದ ಒಂದು ತುದಿ ಎರಡು ಬೆರಳಿನಷ್ಟು ಅಗಲ, ಇನ್ನೊಂದು ತುದಿ ಚೂಪಾಗಿರುವಂತೆ ಒಂದು ಗೇಣುದ್ದದ ಪಟ್ಟಿಗಳನ್ನು ಕತ್ತರಿಸಿ. ಅಗಲದ ತುದಿಯಿಂದ ಆರಂಭಿಸಿ ಪಟ್ಟಿಯನ್ನು ಪೊರಕೆಕಡ್ಡಿಗೆ ಬಿಗಿಯಾಗಿ ಸುತ್ತುತ್ತಾ ಹೋಗಿ, ಕೊನೆಯ ಭಾಗಕ್ಕೆ ಅಂಟು ಹಚ್ಚಿ ಒತ್ತಬೇಕು. ಕಡ್ಡಿಯನ್ನು ಮೆಲ್ಲನೆ ಎಳೆದರೆ ನಡುವೆ ತೂತಿರುವ ಮಣಿ ಸಿದ್ಧ. ಒಣಗಿದ ಮೇಲೆ ಅರ್ಧದಷ್ಟಕ್ಕೆ ಹಳದಿ, ಅರ್ಧದಷ್ಟಕ್ಕೆ ಕೆಂಪು ಬಣ್ಣ ಹಚ್ಚಿಸಿ. ಮೂರು ವರ್ಷದೊಳಗಿನ ಮಕ್ಕಳು ಹತ್ತಿರದಲ್ಲಿದ್ದರೆ ಎಚ್ಚರ ವಹಿಸಿ. ಸಣ್ಣ ಮಣಿ ಬಾಯಿಗೋ ಮೂಗಿಗೋ ಹೋಗುವುದು ಕ್ಷಣದ ಮಾತು.

ಮಣಿ ಮಾಡುವ ಹೊತ್ತು ಪಾಠಕ್ಕೆ ಮುಂಚಿನ ಸಿದ್ಧತೆಯೆಂದು ತಿಳಿಯಬೇಡಿ. ಪಾಠ ಆಗಲೇ ಆರಂಭವಾಗಿರುತ್ತದೆ. "ಹತ್ತು ಬೇಕಲ್ಲ, ಈಗ ಎಷ್ಟಾಗಿವೆ?" ಎಂದು ಕೇಳಿ. ಮಗು ಎಣಿಸಿ "ಆರು" ಎನ್ನುತ್ತದೆ. "ಹಾಗಾದರೆ ಇನ್ನೆಷ್ಟು?" ಎಂಬ ಪ್ರಶ್ನೆಯಲ್ಲಿ ಸಂಕಲನವೂ ಇದೆ, ಮುಂದೆ ಬರಲಿರುವ ಕಳೆಯುವ ಲೆಕ್ಕವೂ ಇದೆ. ಬೇಕಾಗಿರುವುದು ತನ್ನದೇ ಸರಕ್ಕೆ ಆದ್ದರಿಂದ ಮಗುವಿಗೆ ಉತ್ತರದ ಅಗತ್ಯ ನಿಜವಾಗಿಯೂ ಇರುತ್ತದೆ.

ಪೋಣಿಸುವಾಗ ಇನ್ನೊಂದನ್ನು ಗಮನಿಸಿ. ಎಣಿಕೆ ಕಲಿಯುವ ಮಗು ಬಾಯಲ್ಲಿ "ಒಂದು, ಎರಡು, ಮೂರು" ಎನ್ನುತ್ತಾ ಬೆರಳನ್ನು ಅದಕ್ಕಿಂತ ವೇಗವಾಗಿ ಓಡಿಸುವುದುಂಟು. ಒಂದು ವಸ್ತುವಿಗೆ ಒಂದೇ ಸಂಖ್ಯೆ ಎಂಬುದು ಎಣಿಕೆಯ ಮೊದಲ ನಿಯಮ. ದಾರ ಈ ನಿಯಮವನ್ನು ತಾನಾಗಿಯೇ ಕಲಿಸುತ್ತದೆ, ಏಕೆಂದರೆ ಮಣಿಗಳು ದಾರದೊಳಗೆ ಒಂದೊಂದಾಗಿಯೇ ಇಳಿಯಬೇಕು. ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಸಂಖ್ಯೆ ಎಂಬುದು ಎರಡನೆಯ ನಿಯಮ. ಅದು ತಿಳಿದಿದೆಯೇ ಎಂದು ನೋಡಲು, ಎಣಿಸಿ ಮುಗಿದ ಕೂಡಲೇ "ಹಾಗಾದರೆ ಎಷ್ಟಿವೆ?" ಎಂದು ಕೇಳಿ. ಮಗು ಮತ್ತೆ ಒಂದರಿಂದ ಎಣಿಸತೊಡಗಿದರೆ ಈ ನಿಯಮ ಇನ್ನೂ ಗಟ್ಟಿಯಾಗಿಲ್ಲ. ಕೆಲವು ದಿನ ಬರೀ ಪೋಣಿಸಿ ಎಣಿಸುವುದೇ ನಡೆಯಲಿ. ಸಂಕಲನ ಆಮೇಲೆ.

ಇನ್ನು ಇಪ್ಪತ್ತು ಮಣಿಯ ಸರ. ಐದು ಹಳದಿ, ಐದು ಕೆಂಪು, ಮತ್ತೆ ಐದು ಹಳದಿ, ಐದು ಕೆಂಪು ಎಂದು ಪೋಣಿಸಿ, ಒಂದು ಗೇಣಿನಷ್ಟು ದಾರ ಖಾಲಿ ಬಿಟ್ಟು ಎರಡೂ ತುದಿಗೆ ಗಂಟು ಹಾಕಿ. ಮಣಿಗಳು ಆಚೀಚೆ ಜಾರಬೇಕು, ಅದಕ್ಕೇ ಖಾಲಿ ಜಾಗ. ಐದೈದರ ಬಣ್ಣ ಏಕೆ? ಮೂರು ಅಥವಾ ನಾಲ್ಕು ವಸ್ತುಗಳನ್ನು ನಮ್ಮ ಕಣ್ಣು ಎಣಿಸದೆಯೇ ಗುರುತಿಸುತ್ತದೆ. ಏಳು ವಸ್ತುಗಳನ್ನು ಹಾಗೆ ಗುರುತಿಸಲಾರದು. ಐದು ಹಳದಿ, ಎರಡು ಕೆಂಪು ಎಂದು ಬಣ್ಣ ಬದಲಾದರೆ ಏಳು ಕೂಡ ನೋಟಕ್ಕೆ ಸಿಗುತ್ತದೆ. ನೋಡಿ, ವಿನ್ಯಾಸ ಆಗಲೇ ಸಂಕಲನದ ನೆರವಿಗೆ ಬಂದಿದೆ.

ಈ ಸರದಲ್ಲಿ 8ಕ್ಕೆ 5 ಕೂಡಿಸೋಣ. ಮಗು ಎಡಕ್ಕೆ ಎಂಟು ಮಣಿ ಸರಿಸುತ್ತದೆ: ಐದು ಹಳದಿ, ಮೂರು ಕೆಂಪು. ಆಮೇಲೆ ಇನ್ನೂ ಐದು ಮಣಿ ಸರಿಸುತ್ತದೆ. ಮೊದಮೊದಲು ಅದು ಹದಿಮೂರು ಮಣಿಗಳನ್ನೂ ಒಂದರಿಂದ ಎಣಿಸುತ್ತದೆ. ಅದು ಸಹಜ, ತಡೆಯಬೇಡಿ. ಕೆಲವು ವಾರಗಳ ನಂತರ ಎಂಟು ಮಣಿಗಳನ್ನು ನಿಮ್ಮ ಮುಷ್ಟಿಯಲ್ಲಿ ಮುಚ್ಚಿ, "ಇದರೊಳಗೆ ಎಂಟಿವೆ, ಹೊರಗಿನವನ್ನೂ ಸೇರಿಸಿ ಹೇಳು" ಎನ್ನಿ. ಮುಚ್ಚಿದ ಮಣಿಗಳನ್ನು ಎಣಿಸಲಾಗದ ಮಗು "ಎಂಟು" ಎಂದು ನಿಂತು, "ಒಂಬತ್ತು, ಹತ್ತು" ಎಂದು ಮುಂದುವರಿಯುತ್ತದೆ. ಇದಕ್ಕೆ ಮುಂದುವರಿಸಿ ಎಣಿಸುವುದು ಎನ್ನುತ್ತಾರೆ. ಸಂಕಲನ ಕಲಿಯುವ ದಾರಿಯಲ್ಲಿ ಇದು ಬಹು ದೊಡ್ಡ ಹೆಜ್ಜೆ.

ಮೂರನೆಯ ಹೆಜ್ಜೆ ಇನ್ನೂ ಸೊಗಸಾದದ್ದು. ಎಂಟರ ಪಕ್ಕದಲ್ಲಿ ಕೆಂಪು ಮಣಿ ಇನ್ನೆರಡೇ ಉಳಿದಿವೆ ಎಂಬುದು ಮಗುವಿನ ಕಣ್ಣಿಗೆ ಬೀಳುತ್ತದೆ. ಸೇರಿಸಬೇಕಾದ ಐದರಲ್ಲಿ ಎರಡು ಅಲ್ಲಿಗೆ ಸೇರಿದರೆ ಹತ್ತು ತುಂಬುತ್ತದೆ. ಉಳಿದ ಮೂರು ಹೊಸ ಹಳದಿಗಳು. ಹತ್ತು, ಅದರ ಮೇಲೆ ಮೂರು. ಸಂಖ್ಯೆಯನ್ನು ಒಡೆದು ಕೂಡುವ ಈ ಕ್ರಮವನ್ನು ಬಾಯಿಮಾತಿನಲ್ಲಿ ಹೇಳಿಕೊಟ್ಟರೆ ಬಹಳ ಮಕ್ಕಳಿಗೆ ಗೊಂದಲವಾಗುತ್ತದೆ. ಸರದ ಮೇಲೆ ಅದನ್ನು ಹೇಳಿಕೊಡುವ ಅಗತ್ಯವೇ ಬೀಳದಿರಬಹುದು. 7 ಮತ್ತು 6, 9 ಮತ್ತು 4 ಹೀಗೆ ಬೇರೆ ಜೋಡಿಗಳನ್ನು ಕೊಟ್ಟು, ಉತ್ತರ ಬಂದ ಮೇಲೆ "ಹೇಗೆ ಗೊತ್ತಾಯಿತು?" ಎಂದು ಕೇಳುತ್ತಿರಿ. ಉತ್ತರ ಸರಿಯಿದ್ದಾಗಲೂ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ, ಆ ಪ್ರಶ್ನೆ ಬಂತೆಂದರೆ ತಾನು ತಪ್ಪಿದ್ದೇನೆಂದು ಮಗು ಅಂದುಕೊಳ್ಳುತ್ತದೆ.

ಇನ್ನೊಂದು ಕೆಲಸವನ್ನು ನಾನು ಎಲ್ಲ ಹೊಸ ಶಿಕ್ಷಕರಿಗೂ ತಪ್ಪದೆ ಹೇಳುತ್ತೇನೆ. ಐದು ಮಣಿಗಳ ಪುಟ್ಟ ಸರ ಮಾಡಬೇಕು, ಎರಡೇ ಬಣ್ಣ ಬಳಸಬೇಕು, ಹಳದಿಯೆಲ್ಲ ಒಂದು ಕಡೆ, ಕೆಂಪೆಲ್ಲ ಇನ್ನೊಂದು ಕಡೆ ಇರಬೇಕು. ಎಷ್ಟು ಬಗೆಯ ಸರ ಮಾಡಬಹುದು? ಮಕ್ಕಳು ಒಂದು ಹಳದಿ ನಾಲ್ಕು ಕೆಂಪು, ಮೂರು ಹಳದಿ ಎರಡು ಕೆಂಪು ಎಂದು ಮನಬಂದಂತೆ ಪೋಣಿಸುತ್ತಾರೆ. "ಎಲ್ಲವೂ ಸಿಕ್ಕಿವೆ ಎಂದು ಹೇಗೆ ಹೇಳುತ್ತೀಯ?" ಎಂಬ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಹುಡುಕುವುದು ಕಷ್ಟ. ಆಗ ಸರಗಳನ್ನು ಹಳದಿ ಏರುವ ಕ್ರಮದಲ್ಲಿ ಒಂದರ ಕೆಳಗೊಂದು ಇಡಿಸಿ. ಹಳದಿ ಇಲ್ಲದ್ದು, ಒಂದಿರುವುದು, ಎರಡಿರುವುದು, ಹೀಗೆ ಐದೂ ಹಳದಿಯಾಗಿರುವ ಸರದವರೆಗೆ ಒಂದು ಮೆಟ್ಟಿಲಸಾಲು ಮೂಡುತ್ತದೆ. ಹಳದಿ ಒಂದೊಂದಾಗಿ ಏರುವಾಗ ಕೆಂಪು ಒಂದೊಂದಾಗಿ ಇಳಿಯುತ್ತದೆ. ಯಾವುದಾದರೂ ಸರ ಬಿಟ್ಟುಹೋಗಿದ್ದರೆ ಆ ಮೆಟ್ಟಿಲು ಕಾಣೆಯಾಗಿರುವುದು ಕಣ್ಣಿಗೇ ತಿಳಿಯುತ್ತದೆ. ಐದನ್ನು ಎರಡು ಭಾಗ ಮಾಡುವ ಆರು ಬಗೆಗಳೂ ಈಗ ಮಗುವಿನ ಮುಂದಿವೆ, ಬಾಯಿಪಾಠದ ಪ್ರಮೇಯವೇ ಬರಲಿಲ್ಲ. ಸಂಕಲನದ ಉತ್ತರಗಳನ್ನು ಕ್ರಮವಾಗಿ ಜೋಡಿಸಿದಾಗ ವಿನ್ಯಾಸ ಹುಟ್ಟಿತು. ಆ ವಿನ್ಯಾಸವೇ ಉತ್ತರಗಳು ಪೂರ್ಣವಾಗಿವೆಯೇ ಎಂದು ಪರೀಕ್ಷಿಸಿಕೊಟ್ಟಿತು.

ಎರಡು ಹಳದಿ, ಮೂರು ಕೆಂಪು ಇರುವ ಸರವನ್ನು ಕೈಗೆತ್ತಿಕೊಂಡು ತಿರುಗಿಸಿ ಹಿಡಿಯಿರಿ. ಈಗ ಅದು ಮೂರು ಕೆಂಪು, ಎರಡು ಹಳದಿ. ಮಣಿ ಕೂಡಲಿಲ್ಲ, ಕಳೆಯಲಿಲ್ಲ. ಕೂಡುವ ಸಂಖ್ಯೆಗಳನ್ನು ಹಿಂದುಮುಂದು ಮಾಡಿದರೂ ಮೊತ್ತ ಬದಲಾಗದು ಎಂಬ ನಿಯಮಕ್ಕೆ ಇದಕ್ಕಿಂತ ಚಿಕ್ಕ ಪಾಠ ನನಗೆ ತಿಳಿದಿಲ್ಲ.

ಗುರುತು ಬರೆಯುವ ಕಾಲ ಈಗ ಬಂದಿತು. ಸರವನ್ನು ಸ್ಲೇಟಿನ ಪಕ್ಕದಲ್ಲಿಟ್ಟು, ಮಗು ಮೊದಲು ಅದರ ಚಿತ್ರ ಬರೆಯಲಿ. ಚಿತ್ರದ ಕೆಳಗೆ ನೀವು 2 + 3 ಎಂದು ಬರೆದು, ಪ್ರತಿಯೊಂದು ಗುರುತನ್ನೂ ಸರದ ಭಾಗಕ್ಕೆ ಮುಟ್ಟಿಸಿ ತೋರಿಸಿ. ಸಮ ಚಿಹ್ನೆಯ ಬಳಿ ಸ್ವಲ್ಪ ನಿಲ್ಲಬೇಕು. "ಇನ್ನು ಉತ್ತರ ಬರೆ" ಎಂಬ ಆಜ್ಞೆಯೇ ಆ ಚಿಹ್ನೆಯ ಅರ್ಥವೆಂದು ಅನೇಕ ಮಕ್ಕಳು ತಿಳಿದಿರುತ್ತಾರೆ. ಅದರ ನಿಜವಾದ ಅರ್ಥ ಎರಡೂ ಕಡೆ ಸಮವಾಗಿವೆ ಎಂಬುದು. ಐದು ಹಳದಿ ಮತ್ತು ಮೂರು ಕೆಂಪಿನ ಒಂದು ಸರ, ಆರು ಹಳದಿ ಮತ್ತು ಎರಡು ಕೆಂಪಿನ ಇನ್ನೊಂದು ಸರ, ಇವೆರಡನ್ನೂ ಒತ್ತೊತ್ತಾಗಿ ಹಿಡಿದು ಉದ್ದ ಅಳೆಯಲಿ. 5 + 3 = 6 + 2 ಎಂದು ಆಗ ಬರೆದರೆ ಮಗುವಿಗೆ ಅದು ಎಂದೂ ವಿಚಿತ್ರವೆನಿಸದು.

ವಿನ್ಯಾಸದ ಕಡೆಗೆ ತಿರುಗೋಣ. ಹೂವಿನ ಅಂಗಡಿಗೆ ಮಗುವನ್ನು ಕರೆದುಕೊಂಡು ಹೋಗಿ. ಮಲ್ಲಿಗೆ, ಕನಕಾಂಬರ, ನಡುನಡುವೆ ಮರುಗದ ಹಸಿರು ಸೇರಿಸಿ ಕಟ್ಟಿದ ಮಾಲೆಯನ್ನು ಹತ್ತಿರದಿಂದ ತೋರಿಸಿ, ಮತ್ತೆ ಮತ್ತೆ ಬರುತ್ತಿರುವ ತುಂಡು ಎಷ್ಟು ದೊಡ್ಡದೆಂದು ಕೇಳಿ. ಮರುಕಳಿಸುವ ಆ ತುಂಡನ್ನು ನಾವು ಘಟಕ ಎಂದು ಕರೆಯೋಣ. ಮುಂದೆ ಯಾವ ಹೂವು ಬರುತ್ತದೆಂದು ಹೇಳಬಲ್ಲ ಮಗುವಿಗೂ ಘಟಕ ಕಂಡಿರಬೇಕೆಂದಿಲ್ಲ. ಹಿಂದಿನದನ್ನು ನೋಡಿ ನಕಲು ಮಾಡಿದರೆ ಅಷ್ಟು ಹೇಳಬಹುದು. ಆದ್ದರಿಂದ ಮನೆಗೆ ಬಂದು ಮಣಿಗಳಲ್ಲಿ "ಹಳದಿ, ಹಳದಿ, ಕೆಂಪು" ಎಂದು ಪೋಣಿಸಿದಾಗ, ಘಟಕ ಮುಗಿಯುವಲ್ಲೆಲ್ಲ ಒಂದು ಬಟ್ಟೆಯ ಕ್ಲಿಪ್ ಹಾಕಲು ಹೇಳಿ. ಕ್ಲಿಪ್ ಎಲ್ಲಿ ಬೀಳುತ್ತದೆ ಎಂಬುದರಿಂದ ಮಗುವಿನ ಮನಸ್ಸು ನಿಮಗೆ ತಿಳಿಯುತ್ತದೆ. ಅದೇ ವಿನ್ಯಾಸವನ್ನು ಚಪ್ಪಾಳೆ, ಚಪ್ಪಾಳೆ, ಚಿಟಿಕೆ ಎಂದು ಬಾರಿಸಲೂ ಹೇಳಿ. ವಸ್ತು ಬದಲಾದರೂ ನಿಯಮ ಉಳಿಯುತ್ತದೆ ಎಂಬುದು ಗಣಿತದ ಒಂದು ಆಳವಾದ ಮಾತು, ಐದು ವರ್ಷದ ಮಗು ಅದನ್ನು ಕೈಚಪ್ಪಾಳೆಯಲ್ಲಿ ಹಿಡಿಯಬಲ್ಲದು.

ಇದಾದ ಮೇಲೆ ಒಂದು ಸಮಸ್ಯೆ ಕೊಡಿ. ಇದೇ ವಿನ್ಯಾಸದಲ್ಲಿ ಇಪ್ಪತ್ತು ಮಣಿ ಪೋಣಿಸಿ, ಎರಡು ತುದಿಗಳನ್ನೂ ಸೇರಿಸಿ ಕೊರಳ ಮಾಲೆ ಕಟ್ಟಬೇಕು. ಕಟ್ಟಿದಾಗ ಗಂಟಿನ ಬಳಿ ನಾಲ್ಕು ಹಳದಿ ಮಣಿಗಳು ಒಟ್ಟಿಗೆ ಬಂದುಬಿಡುತ್ತವೆ! ಏಕೆ ಹೀಗಾಯಿತು? ಮೂರು ಮಣಿಯ ಆರು ಘಟಕಗಳಿಗೆ ಹದಿನೆಂಟು ಮಣಿ ಸಾಕು. ಮಿಕ್ಕ ಎರಡು ಹಳದಿಗಳು ಅರ್ಧಕ್ಕೆ ನಿಂತ ಘಟಕ. ಒಂದು ಕೆಂಪು ಸೇರಿಸಿ ಇಪ್ಪತ್ತೊಂದು ಮಾಡಿದರೆ, ಇಲ್ಲವೇ ಎರಡು ಹಳದಿ ತೆಗೆದರೆ ಮಾಲೆ ಸರಿಹೋಗುತ್ತದೆ. ಈ ವಿವರಣೆಯನ್ನು ನೀವು ಕೊಡಬೇಡಿ. ಮಗು ಮಾಲೆ ಬಿಚ್ಚಿ ಕಟ್ಟಲಿ, ಒಂದು ಸೇರಿಸಿ ನೋಡಲಿ, ಒಂದು ತೆಗೆದು ನೋಡಲಿ. ಮೂರು, ಆರು, ಒಂಬತ್ತು, ಹನ್ನೆರಡು ಎಂಬ ಸಾಲು ಅಲ್ಲಿ ತಾನಾಗಿ ಎದ್ದು ಬರುತ್ತದೆ. ಮೂರರ ಮಗ್ಗಿಯೆಂದರೆ ಮೂರನ್ನೇ ಮತ್ತೆ ಮತ್ತೆ ಕೂಡುವುದು ಎಂಬ ಅರಿವು ಮಗ್ಗಿ ಕಲಿಯುವ ಮೊದಲೇ ಬಂದರೆ ಎಷ್ಟು ಒಳ್ಳೆಯದು!

ಕಾಗದದ ಚಾಪೆ ಹೆಣೆಯುವುದೂ ಚೆನ್ನಾದ ಚಟುವಟಿಕೆ: ಒಂದು ಪಟ್ಟಿ ಮೇಲಿಂದ ಆರಂಭವಾದರೆ ಮುಂದಿನದು ಕೆಳಗಿನಿಂದ ಆರಂಭವಾಗಬೇಕು. ಸಮ ಮತ್ತು ಬೆಸ ಸಂಖ್ಯೆಗಳ ಮೊದಲ ಪರಿಚಯಕ್ಕೆ ಇದು ಸಾಕು. ಧಾರವಾಡದ ಕಡೆಯ ಕಸೂತಿಯಂತೂ ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕುವಂಥದು. ಸ್ವಲ್ಪ ದೊಡ್ಡ ಮಕ್ಕಳು ಚೌಕಳಿ ಹಾಳೆಯ ಮೇಲೆ ಅದರ ಗೋಪುರವನ್ನೋ ತೇರನ್ನೋ ಬರೆದು, ಎಡಭಾಗಕ್ಕೆ ಬಲಭಾಗ ಹೊಂದುತ್ತದೆಯೇ ಎಂದು ಎಣಿಸಿ ನೋಡಬಹುದು.

ಕೊನೆಗೆ ರಂಗೋಲಿ. ನನಗೆ ಇದರ ಮೇಲೆ ಹೆಚ್ಚಿನ ಪ್ರೀತಿ, ಏಕೆಂದರೆ ನಮ್ಮ ಮನೆಗಳ ಮುಂದೆ ಸಂಕಲನವೂ ವಿನ್ಯಾಸವೂ ಜೊತೆಯಾಗಿ ದಿನವೂ ಮೂಡುವ ಜಾಗ ಇದು. ಪುಡಿ ಬಿಡಲು ಬಾರದ ಮಗು ಸೀಮೆಸುಣ್ಣ ಹಿಡಿಯಲಿ, ಅಥವಾ ನೆಲದ ಮೇಲೆ ಹುಣಸೆಬೀಜ ಇಡಲಿ. 5ರಿಂದ 1ರವರೆಗಿನ ನೇರ ಚುಕ್ಕಿಯಿಂದ ಆರಂಭಿಸಿ. ನಡುವೆ ಐದು ಚುಕ್ಕಿಯ ಸಾಲು. ಅದರ ಮೇಲೂ ಕೆಳಗೂ ಮೂರರ ಸಾಲು. ಕೊನೆಗೆ ಒಂದೊಂದು ಚುಕ್ಕಿ. ಚುಕ್ಕಿಗಳು ಒಂದರ ನೇರಕ್ಕೆ ಒಂದು ಬರುವುದರಿಂದ ಇದು ನೇರ ಚುಕ್ಕಿ. ಸಾಲುಸಾಲಾಗಿ ಕೂಡಿದರೆ 1 + 3 + 5 + 3 + 1, ಒಟ್ಟು 13. ಈಗ ಮಗುವನ್ನು ರಂಗೋಲಿಯ ಓರೆಯಲ್ಲಿ ನಿಲ್ಲಿಸಿ, ಓರೆಸಾಲುಗಳನ್ನು ಎಣಿಸಲು ಹೇಳಿ. 3 + 2 + 3 + 2 + 3, ಮತ್ತೆ 13. ಚುಕ್ಕಿಗಳು ಅವೇ, ನೋಡುವ ದಿಕ್ಕು ಬದಲಾದಾಗ ಸಂಕಲನ ಬೇರೆಯಾಯಿತು, ಮೊತ್ತ ಮಾತ್ರ ಬದಲಾಗಲಿಲ್ಲ.

ಮೇಲಿನ ಮೂರು ಸಾಲುಗಳಾದ 1, 3, 5 ಇವುಗಳ ಬೀಜಗಳನ್ನು ಮಾತ್ರ ಎತ್ತಿಕೊಂಡು ಬೇರೆ ಕಡೆ ಜೋಡಿಸಿ. ಮೊದಲು ಒಂದು ಬೀಜ ಇಡಿ. ಅದರ ಬಲಕ್ಕೆ ಒಂದು, ಕೆಳಗೆ ಒಂದು, ಆ ಎರಡರ ನಡುವಿನ ಮೂಲೆಗೆ ಒಂದು, ಹೀಗೆ ಮೂರು ಬೀಜ ಇಟ್ಟರೆ ಎರಡೆರಡರ ಚೌಕ. ಅದರ ಬಲಕ್ಕೂ ಕೆಳಕ್ಕೂ ಸುತ್ತಿಕೊಂಡು ಐದು ಇಟ್ಟರೆ ಮೂರುಮೂರರ ಚೌಕ. ಮುಂದಿನ ಚೌಕಕ್ಕೆ ಎಷ್ಟು ಬೇಕು? ಏಳು. ಬೆಸ ಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡುತ್ತಾ ಹೋದರೆ ಪ್ರತಿ ಸಲವೂ ಚೌಕವೇ ಬರುತ್ತದೆ. ಪ್ರೌಢಶಾಲೆಯಲ್ಲಿ ಸೂತ್ರವಾಗಿ ಎದುರಾಗುವ ವಿಷಯವನ್ನು ಎರಡನೆಯ ತರಗತಿಯ ಮಗು ಹುಣಸೆಬೀಜದಲ್ಲಿ ಕಂಡಿರುತ್ತದೆ.

ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಸಂದು ಚುಕ್ಕಿಯನ್ನು ಕೊಡಿ. ಇದರಲ್ಲಿ ಮುಂದಿನ ಸಾಲಿನ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರುತ್ತದೆ, ಆದ್ದರಿಂದ ಸಾಲುಗಳು ಒಂದೊಂದೇ ಕಡಿಮೆಯಾಗುತ್ತವೆ. 3ರಿಂದ 2ರವರೆಗೆ ಇಟ್ಟರೆ 2, 3, 2, ಒಟ್ಟು 7. 5ರಿಂದ 3ರವರೆಗೆ ಇಟ್ಟರೆ 3, 4, 5, 4, 3, ಒಟ್ಟು 19. ಇನ್ನು ಸಾಲುಗಳನ್ನು ಬಿಟ್ಟು, ನಡುವಿನ ಚುಕ್ಕಿಯಿಂದ ಹೊರಕ್ಕೆ ಸುತ್ತುಸುತ್ತಾಗಿ ಎಣಿಸಲು ಹೇಳಿ. ನಡುವೆ 1, ಅದರ ಸುತ್ತ 6, ಅದರ ಸುತ್ತ 12. ಇನ್ನೊಂದು ಸುತ್ತು ಹಾಕಲು ಎಷ್ಟು ಚುಕ್ಕಿ ಬೇಕೆಂದು ಇಡುವ ಮೊದಲೇ ಊಹಿಸಲಿ, ಊಹೆಯನ್ನು ಸ್ಲೇಟಿನ ಮೇಲೆ ಬರೆದಿಡಲಿ, ಆಮೇಲೆ 7ರಿಂದ 4ರವರೆಗಿನ ರಂಗೋಲಿ ಹಾಕಿ ನೋಡಲಿ. ಸುತ್ತಿನ ಲೆಕ್ಕದಲ್ಲಿ 19ಕ್ಕೆ 18 ಕೂಡಬೇಕು. ಸಾಲಿನ ಲೆಕ್ಕದಲ್ಲಿ 4, 5, 6, 7, 6, 5, 4 ಇವನ್ನು ಕೂಡಬೇಕು. ಎರಡೂ ದಾರಿ ತಲುಪುವುದು 37ನ್ನೇ.